ಅಣ್ಣನಿಗೆ ಹೇಳಿದ ಸಿನಿಮಾ

ಜೂನ್ 3, ಸೋಮವಾರ

ಮಧ್ಯಾಹ್ನ ಊಟದ ಬಿಡುವಿನಲ್ಲಿ ಶಿವಪ್ರಸಾದ್ ತನ್ನ ಫೋನನ್ನು ನನ್ನ ಟಿಫನ್ ಡಬ್ಬಿಗೆ ಒರಗಿಸಿಟ್ಟು, ನಿಮ್ಮವನು ಬಂದಿದ್ದಾನೆ ನೋಡಿ ಮೇಡಂ ಎಂದ. ಕೆಂಗಿಡುಗನ ಸಿನಿಮಾದ ಟ್ರೈಲರ್. ಡ್ರಾಯಿಂಗ್ ಸೆಕ್ಷನ್ನಿನ ಎಲ್ಲರೂ ನನ್ನ ಕುರ್ಚಿಯ ಹಿಂದೆ ಬಂದು ನಿಂತಿದ್ದರು. ನಾನು ಕಾಮಿಕ್ಸ್ ಹುಚ್ಚಿ ಎಂಬುದು ಫ್ಯಾಕ್ಟರಿಯಲ್ಲಿ ಗುಟ್ಟೇನಲ್ಲ. ಐವತ್ತೆರಡರ ಹೆಂಗಸಿಗೆ ಇಂಥ ಹುಚ್ಚಿರುವುದು ಅವರಿಗೆ ತಮಾಷೆ. ನನ್ನ ಮುಖ ಅರಳುವುದನ್ನು ನೋಡಲು ಕಾದಿದ್ದರು.

ಉಕ್ಕಿನ ರೆಕ್ಕೆ. ಎದೆಯಲ್ಲಿ ನೀಲಿ ದೀಪ. ಕುಸಿಯುವ ಕಟ್ಟಡಗಳು, ಒಂದಾದ ಮೇಲೊಂದು. ಕೊನೆಯಲ್ಲಿ ಖಳನನ್ನು ನಲವತ್ತನೇ ಮಹಡಿಯಿಂದ ಕೈಬಿಟ್ಟು, ಅವನಿನ್ನೂ ಬೀಳುತ್ತಿರುವಾಗಲೇ ಒಂದು ಜೋಕು.

ನನ್ನ ಕೆಂಗಿಡುಗ ಅಂಚೆಯವನು. ಹಗಲಲ್ಲಿ ಕಾಗದ ಹಂಚುವ ಅಚ್ಯುತ. ಕೆಂಪು ಬಟ್ಟೆಯ ಮುಸುಕು, ಮೊಣಕೈಯಿಂದ ಸೊಂಟದವರೆಗೆ ತಾನೇ ಹೊಲಿದುಕೊಂಡ ರೆಕ್ಕೆ. ನೂರ ಐವತ್ತಾರು ಸಂಚಿಕೆಗಳಲ್ಲಿ ಒಬ್ಬನನ್ನೂ ಕೊಂದವನಲ್ಲ. ನಲವತ್ತೇಳನೇ ಸಂಚಿಕೆಯಲ್ಲಿ ಕಂದಕಕ್ಕೆ ಬಿದ್ದ ಖಳನನ್ನು ತಾನೇ ಇಳಿದುಹೋಗಿ ಬೆನ್ನ ಮೇಲೆ ಹೊತ್ತು ತರುತ್ತಾನೆ. ಎಂಟು ಪುಟ, ಒಂದೇ ಒಂದು ಮಾತಿಲ್ಲ.

ಇದು ಅವನಲ್ಲ ಎಂದು ಹೇಳಿ ಫೋನ್ ವಾಪಸು ಕೊಟ್ಟೆ. ಎಲ್ಲರೂ ನಕ್ಕರು.

ಕೆಂಗಿಡುಗನನ್ನು ನನಗೆ ಕೊಟ್ಟವನು ಅಣ್ಣ. ಅಪ್ಪ ಕೆಜಿಎಫ್‌ನ ಚಿನ್ನದ ಗಣಿಯ ಎಲೆಕ್ಟ್ರಿಕಲ್ ವಿಭಾಗದಲ್ಲಿದ್ದಾಗ ನಾವು ಊರಿಗಾಂ ಲೈನಿನ ಗಣಿಮನೆಯಲ್ಲಿದ್ದೆವು. ಪುಸ್ತಕ ಬರುತ್ತಿದ್ದುದು ಬಂಗಾರಪೇಟೆ ಸ್ಟೇಷನ್ನಿನ ಅಂಗಡಿಗೆ ಮಾತ್ರ. ತಿಂಗಳ ಮೊದಲ ಶನಿವಾರ ಅಣ್ಣ ನನ್ನನ್ನು ರೈಲಿನಲ್ಲಿ ಕರೆದುಕೊಂಡು ಹೋಗುತ್ತಿದ್ದ. ವಾಪಸು ಬರುವಾಗ ಅವನು ಓದುತ್ತಿದ್ದ, ನಾನು ಚಿತ್ರ ನೋಡುತ್ತಿದ್ದೆ. ನನಗೆ ಅಕ್ಷರ ಕೂಡಿದ್ದು ಆ ರೈಲಿನಲ್ಲಿ. ಈಗ ಮೂವತ್ತು ವರ್ಷದಿಂದ ಯಂತ್ರದ ನಕ್ಷೆಗಳನ್ನು ಬರೆದು ತಿದ್ದಿ ಹೊಟ್ಟೆ ಹೊರೆಯುತ್ತಿದ್ದೇನೆ ಎಂದರೆ ಅದಕ್ಕೂ ಆ ಚಿತ್ರಗಳೇ ಕಾರಣ.

ಭಾನುವಾರ ಬಂಗಾರಪೇಟೆಗೆ ಅಣ್ಣನ ಮನೆಗೆ ಹೋದಾಗ ಇಬ್ಬರೂ ಸೇರಿ ಬೈಯಬೇಕು. ಒಬ್ಬಳೇ ಬೈದರೆ ಸಮಾಧಾನವಾಗುವುದಿಲ್ಲ.

ಜೂನ್ 9, ಭಾನುವಾರ

ಅಣ್ಣ ಬೈಯಲಿಲ್ಲ.

ಟ್ರೈಲರಿನ ಇಪ್ಪತ್ತೆರಡು ತಪ್ಪುಗಳನ್ನು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ಅವನು ಫೋನನ್ನು ಮೂಗಿನ ತುದಿಗೆ ಹಿಡಿದು ನೋಡಿದ. ಕಾಣಲಿಲ್ಲವೆಂದು ತೋರುತ್ತದೆ, ಕಿವಿಗೆ ಹಿಡಿದ. ಮೂರು ಸಲ ಹಾಕಿಸಿಕೊಂಡ.

"ಸದ್ದು ಚೆನ್ನಾಗೈತೆ ಕಣಮ್ಮ," ಎಂದ.

ನಾನು ಹಾಳೆ ತೆಗೆದು ಓದತೊಡಗಿದೆ. ಒಂಬತ್ತನೇ ತಪ್ಪಿಗೆ ಬರುವಷ್ಟರಲ್ಲಿ ನಿಲ್ಲಿಸಿದ. "ಇಷ್ಟು ವರ್ಷ ಅವನ ಎಸರು ಯಾರ ಬಾಯಲ್ಲೂ ಇರ್ಲಿಲ್ಲ. ಈಗ ನಮ್ಮುಡುಗಿ ಸಹನ ಕಾಲೇಜಲ್ಲೂ ಅವನದೇ ಮಾತಂತೆ. ಉಕ್ಕಿನ ರೆಕ್ಕೆ ಆದ್ರೆ ಆಗ್ಲಿ ಬಿಡು. ಒಟ್ಟಲ್ಲಿ ಆಕಾಶ್ದಲ್ಲಿ ಆರ್ತಾ ಅವ್ನಲ್ವಾ."

ನನಗೆ ಅಳು ಬರುವಷ್ಟು ಸಿಟ್ಟು ಬಂತು. ನಲವತ್ತು ವರ್ಷ ಜೊತೆಗಿದ್ದವನು ಎರಡು ನಿಮಿಷದ ಸದ್ದಿಗೆ ಆ ಕಡೆ ಹೋಗಿಬಿಟ್ಟ. ಸಿನಿಮಾ ಆಗಸ್ಟಿನಲ್ಲಿ ಬರುತ್ತದಂತೆ. ಅಷ್ಟರೊಳಗೆ ಬಲಗಣ್ಣು ಪೂರ್ತಿ ಹೋಗದಿದ್ದರೆ ನೋಡಲೇಬೇಕು ಎಂದ.

ಎಡಗಣ್ಣು ಹೋದ ವರ್ಷವೇ ಹೋಯಿತು. ಸಕ್ಕರೆ ಕಾಯಿಲೆ. ಜನವರಿಯಿಂದ ಹಾಲಿನ ಸೊಸೈಟಿಯ ಕಾರ್ಯದರ್ಶಿ ಕೆಲಸವನ್ನೂ ಬಿಟ್ಟಿದ್ದಾನೆ. ಊಟಕ್ಕೆ ಕೂತಾಗ ಚಟ್ನಿ ಎಂದುಕೊಂಡು ನೀರಿನ ಲೋಟದಲ್ಲಿ ಬೆರಳಿಟ್ಟ. ರಾಧ ಅತ್ತಿಗೆ ಅವನ ಕೈ ಒರೆಸಿ ತಟ್ಟೆಗೆ ತಂದಿಟ್ಟರು.

ಹತ್ತನೇ ತಪ್ಪು ಮುಖ್ಯವಾದದ್ದು, ಖಳನನ್ನು ಕೈಬಿಡುವುದು. ಅದನ್ನು ಕೇಳಲೇ ಇಲ್ಲ ಅವನು.

ಜೂನ್ 22, ಶನಿವಾರ

ಬಲಗಣ್ಣಿಗೆ ಆಪರೇಷನ್ ಮಾಡಬೇಕಂತೆ. ಒಳಗೆ ರಕ್ತ ಒಸರುತ್ತಿದೆ. ಜುಲೈ ಐದಕ್ಕೆ ಬೆಂಗಳೂರಿಗೆ ಹೋಗುವುದು. ರಜೆ ಬರೆದುಕೊಟ್ಟೆ.

ಜುಲೈ 14, ಭಾನುವಾರ

ಪಟ್ಟಿ ಬಿಚ್ಚಿ ನಾಲ್ಕು ದಿನವಾಯಿತು. ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂಬುದಷ್ಟೇ ತಿಳಿಯುತ್ತದೆ. ಇನ್ನು ಮುಂದೆಯೂ ಅಷ್ಟೇ.

ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಕಿಡ್ನಿ ಎರಡೂ ಹೋಗುತ್ತ ಬಂದಿವೆ, ವಾರಕ್ಕೆ ಮೂರು ಸಲ ಕೋಲಾರಕ್ಕೆ ಡಯಾಲಿಸಿಸ್‌ಗೆ ಹೋಗಬೇಕು. ಆದರೆ ಹೃದಯ ಅದನ್ನು ಬಹಳ ದಿನ ತಡೆದುಕೊಳ್ಳುವುದಿಲ್ಲ, ಕೆಲವೇ ತಿಂಗಳು ಎಂದುಕೊಳ್ಳಿ ಎಂದು ಡಾಕ್ಟರು ಹೇಳಿದರು. ಆಸ್ಪತ್ರೆಯ ಕಾರಿಡಾರಿನಲ್ಲಿ ನಾನು ಮತ್ತು ಅತ್ತಿಗೆ ಇದ್ದೆವು. ಅವರಿಗೆ ಹೇಳುವುದು ಬೇಡ, ಇರುವಷ್ಟು ದಿನ ನೆಮ್ಮದಿಯಾಗಿರಲಿ ಎಂದರು ಅತ್ತಿಗೆ. ನಾನೂ ತಲೆಯಾಡಿಸಿದೆ.

ಬಂಗಾರಪೇಟೆ ಸ್ಟೇಷನ್ನಿನ ಎದುರು ಸಿನಿಮಾದ ದೊಡ್ಡ ಪೋಸ್ಟರ್ ಅಂಟಿಸಿದ್ದಾರೆ. ಮುಸುಕಿನ ಕೆಂಪು ಕೂಡ ಸರಿಯಾದ ಕೆಂಪಲ್ಲ. ನಮ್ಮದು ಒಣಮೆಣಸಿನಕಾಯಿಯ ಕೆಂಪು. ಇದು ಯಾವುದೋ ಹೊಸ ಕಾರಿನ ಬಣ್ಣ. ರೈಲು ಬರುವವರೆಗೂ ಅದನ್ನೇ ನೋಡುತ್ತ ನಿಂತಿದ್ದೆ.

ಆಗಸ್ಟ್ 11, ಭಾನುವಾರ

ನೋಡಿದೆ. ನೋಡಬಾರದಿತ್ತು.

ನಮ್ಮ ಕೆಜಿಎಫ್‌ನಲ್ಲಿ ತಮಿಳಿನದು ಹಾಕಿದ್ದಾರೆ. ಬಂಗಾರಪೇಟೆಯಲ್ಲಿ ತೆಲುಗು. ಕನ್ನಡದ ಕಾಮಿಕ್ಸಿನ ಕನ್ನಡದ ಹೀರೋಗೆ ಬಂಗಾರಪೇಟೆಯಲ್ಲಿ ಬೆಳಗಿನ ಆಟ ಒಂದೇ. ಅಣ್ಣನಿಗೆ ನಿನ್ನೆ ಡಯಾಲಿಸಿಸ್ ಆಗಿ ಏಳಲು ಶಕ್ತಿಯಿರಲಿಲ್ಲ. "ನೀನು ಓಗಿ ನೋಡ್ಕೊಂಡು ಬಂದು ನಂಗೆ ಏಳು. ಒಂದೂ ಬಿಡಬಾರ್ದು," ಎಂದು ಕಳಿಸಿದ.

ಅಚ್ಯುತ ಅಂಚೆಯವನೇ ಅಲ್ಲ! ಯಾವುದೋ ಕಂಪನಿಯ ವಿಜ್ಞಾನಿ. ರಾತ್ರಿ ಅವನ ಮುಸುಕಿನ ಗಂಟು ಬಿಚ್ಚಿಕೊಡುವ ತಂಗಿಯ ಪಾತ್ರ ಇಲ್ಲವೇ ಇಲ್ಲ. ಅರ್ಧಗಂಟೆ ಬರೀ ಸ್ಫೋಟ. ಖಳನನ್ನು ಕೈಬಿಡುವ ಜಾಗ ಬಂದಾಗ ಜನ ಶಿಳ್ಳೆ ಹೊಡೆದರು. ನಾನು ಕಣ್ಣು ಮುಚ್ಚಿಕೊಂಡೆ. ಆಮೇಲೆ ಬಹಳ ಹೊತ್ತು ತೆರೆಯಲಿಲ್ಲ.

ಮನೆಗೆ ಬಂದರೆ ಅಣ್ಣ ಎದ್ದು, ಮುಖ ತೊಳೆದು, ಒಗೆದ ಷರಟು ಹಾಕಿಕೊಂಡು, ಹಾಸಿಗೆಗೆ ಒರಗಿ ಕೂತಿದ್ದ. ಆ ಮುಖಕ್ಕೆ ಆ ಸಿನಿಮಾ ಹೇಗೆ ಹೇಳಲಿ?

ಬೇರೆಯದನ್ನು ಹೇಳಿದೆ. ಮೊದಲ ದೃಶ್ಯ ಅಂಚೆಕಚೇರಿ ಎಂದೆ. ಬಟ್ಟೆಯ ರೆಕ್ಕೆ ಗಾಳಿಗೆ ಪಟಪಟ ಎನ್ನುವ ಸದ್ದು ಎಂದೆ. ತಂಗಿ ಬಾಗಿಲಲ್ಲಿ ಲಾಟೀನು ಹಿಡಿದು ನಿಂತಿದ್ದಾಳೆ ಎಂದೆ. ಕೊನೆಯಲ್ಲಿ ಅವನು ಕಂದಕಕ್ಕೆ ಇಳಿದು ಖಳನನ್ನು ಬೆನ್ನ ಮೇಲೆ ಹೊತ್ತು ತಂದ ಎಂದೆ.

ಅಣ್ಣ ಕತ್ತೆತ್ತಿದ. "ನಲವತ್ತೇಳನೇ ಸಂಚಿಕೆ ತಗೊಂಡವ್ರಾ?"

ಹೌದು ಎಂದೆ.

ಒಳ್ಳೇದು ಮಾಡವ್ರೆ ಎಂದ.

ಇದನ್ನು ಸುಳ್ಳು ಎನ್ನಲಾರೆ. ನಕ್ಷೆಯಲ್ಲಿ ತಪ್ಪಿದ್ದರೆ ತಿದ್ದಿ ಕೊಡುವುದು ನನ್ನ ಕೆಲಸ. ತಿದ್ದಿ ಕೊಟ್ಟೆ.

ಆಗಸ್ಟ್ 18, ಭಾನುವಾರ

ಮತ್ತೆ ಹೇಳಿಸಿಕೊಂಡ. ಈ ಸಲ ಇನ್ನೂ ಚೆನ್ನಾಗಿ ಬಂತು. ಹೋದ ವಾರ ಬಿಟ್ಟುಹೋಗಿದ್ದ ಒಂದು ಜಾಗ ಸೇರಿಸಿದೆ, ಪ್ರವಾಹದಲ್ಲಿ ಅಂಚೆಚೀಲ ತಲೆಯ ಮೇಲೆ ಹೊತ್ತು ನಡೆಯುವುದು. ನಿಜವಾಗಿ ಯಾರಾದರೂ ಹೀಗೆ ತೆಗೆದಿದ್ದರೆ! ಅಣ್ಣ ಅಲ್ಲಲ್ಲಿ ಪ್ರಶ್ನೆ ಕೇಳಿದ. ಖಳನ ಮುಖ ಎಂಗೈತೆ, ಊರು ಯಾವುದು, ತಂಗಿ ಪಾತ್ರ ಮಾಡಿರೋಳು ಯಾರು. ಎಲ್ಲಕ್ಕೂ ಉತ್ತರ ಕೊಟ್ಟೆ.

ಅವನ ಕಾಲು ಊದಿದೆ. ಬೆರಳಿಟ್ಟರೆ ಗುಳಿ ಹಾಗೇ ಉಳಿಯುತ್ತದೆ.

ಆಗಸ್ಟ್ 25, ಭಾನುವಾರ

ಸಹನ ಗೆಳತಿಯರ ಜೊತೆ ಸಿನಿಮಾ ನೋಡಿದ್ದಾಳೆ. ಗುರುವಾರವೇ. ಅಪ್ಪನ ಎದುರು ಕೂತು, ವಿಜ್ಞಾನಿ, ನೀಲಿ ದೀಪ, ನಲವತ್ತನೇ ಮಹಡಿ, ಎಲ್ಲ ಹೇಳಿದ್ದಾಳೆ. ಅವಳ ತಪ್ಪಿಲ್ಲ, ಅವಳಿಗೇನು ಗೊತ್ತು.

ನಾನು ಹೋದಾಗ ಅಣ್ಣ ಅದರ ಮಾತು ಎತ್ತಲಿಲ್ಲ. ಕಾಫಿ ಕುಡಿದಾಯಿತು. ಅತ್ತಿಗೆ ಔಷಧಿ ತರಲು ಹೊರಗೆ ಹೋದರು. ಆಮೇಲೆ ಹೇಳಿದ, ಸಿಟ್ಟಿಲ್ಲದ ದನಿಯಲ್ಲಿ.

"ಅಳೇ ಪುಸ್ತಕ ಪೂರಾ ನಂಗೆ ಬಾಯಲ್ಲೇ ಬತ್ತದೆ ಕಣಮ್ಮ. ಅದನ್ನ ನೀನು ಏಳಬೇಕಾ? ನಂಗೆ ಈಗ ಏನೈತೋ ಅದು ಬೇಕಿತ್ತು."

ಖಾಲಿ ಲೋಟಗಳನ್ನು ಒಂದರೊಳಗೊಂದು ಇಟ್ಟೆ.

"ಎಲ್ರೂ ನಂಗೆ ಒಳ್ಳೇದನ್ನೇ ಏಳ್ತಾರೆ. ರಾಧ ಏಳ್ತಾಳೆ ಮುಖ ಚೆನ್ನಾಗೈತೆ ಅಂತ. ಡಾಕ್ಟ್ರು ಬೆನ್ನು ತಟ್ಟಿ ಓಗ್ತಾರೆ. ನೀನೊಬ್ಬಳು ಇದ್ದಂಗೆ ಏಳ್ತೀಯ ಅಂತ ಕಳಿಸ್ದೆ. ಅಷ್ಟು ತಪ್ಪು ಬರ್ಕೊಂಡು ಬಂದಿದ್ದೋಳು ನೀನು." ನನ್ನ ಕಡೆಗೆ ತಿರುಗಿ ಕೇಳಿದ. "ಆವತ್ತು ಕಾರಿಡಾರಲ್ಲಿ ಡಾಕ್ಟ್ರು ಏನಂದ್ರು?"

ರೈಲಿಗೆ ಹೊತ್ತಾಯಿತು ಎಂದು ಎದ್ದುಬಂದೆ. ರೈಲಿಗೆ ಇನ್ನೂ ಐವತ್ತು ನಿಮಿಷವಿತ್ತು.

ಆಗಸ್ಟ್ 27, ಮಂಗಳವಾರ

ಇವತ್ತು ಒಂದು ನಕ್ಷೆಯಲ್ಲಿ ಅಳತೆ ತಪ್ಪು ಹಾಕಿದೆ. ಮೂವತ್ತು ವರ್ಷದಲ್ಲಿ ಮೊದಲು. ಶಿವಪ್ರಸಾದ್ ಯಾರಿಗೂ ತಿಳಿಯದಂತೆ ಸರಿಪಡಿಸಿದ.

ಸೆಪ್ಟೆಂಬರ್ 1, ಭಾನುವಾರ

ಬೆಳಗಿನ ಆಟಕ್ಕೆ ಸಹನಳನ್ನು ಕರೆದುಕೊಂಡು ಹೋದೆ. ಟಾಕೀಸಿನಲ್ಲಿ ಇಪ್ಪತ್ತು ಜನವೂ ಇರಲಿಲ್ಲ. ಈ ಸಲ ಕಣ್ಣು ಮುಚ್ಚಲಿಲ್ಲ. ಚಿಕ್ಕ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತ ಕೂತೆ, ಯಾವುದಾದ ಮೇಲೆ ಯಾವುದು, ಯಾರು ಎಲ್ಲಿ ನಿಂತಿದ್ದಾರೆ, ಬೆಳಕು ಎಲ್ಲಿಂದ ಬರುತ್ತಿದೆ.

ಖಳನನ್ನು ಕೈಬಿಟ್ಟು ಜೋಕು ಹೇಳಿದ ಮೇಲೆ ಒಂದು ದೃಶ್ಯವಿದೆ. ಮೊದಲ ಸಲ ನಾನು ನೋಡಿರಲೇ ಇಲ್ಲ. ಮೂತ್ರಾಲಯದ ಕನ್ನಡಿಯ ಮುಂದೆ ನಿಂತು ಮುಸುಕು ಬಿಚ್ಚಲು ನೋಡುತ್ತಾನೆ. ಬೆರಳು ನಡುಗುತ್ತಿವೆ, ಗಂಟು ಬಿಚ್ಚಲಾಗುವುದಿಲ್ಲ. ಮೂರು ಸಲ ನೋಡಿ, ಮುಸುಕಿನಲ್ಲೇ ಮುಖ ತೊಳೆಯುತ್ತಾನೆ. ಸಂಗೀತವಿಲ್ಲ. ನಲ್ಲಿಯ ಸದ್ದು ಮಾತ್ರ. ಆ ನಟ ಯಾರೋ ಏನೋ, ಚಿಕ್ಕ ವಯಸ್ಸಿನವನು. ಚೆನ್ನಾಗಿ ಮಾಡಿದ್ದಾನೆ.

ಮನೆಗೆ ಬಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ಒಂದೂವರೆ ಗಂಟೆ ಹಿಡಿಯಿತು. ಸಹನ ಮರೆತದ್ದನ್ನು ನೆನಪಿಸುತ್ತಿದ್ದಳು. ಅಣ್ಣ ಉಕ್ಕಿನ ರೆಕ್ಕೆಗೆ ನಕ್ಕ. ವಿಜ್ಞಾನಿ ಎಂದಾಗ ಮುಖ ಹುಳ್ಳಗೆ ಮಾಡಿದ. ಮುಗಿಯುವಷ್ಟರಲ್ಲಿ ಅವನಿಗೆ ನಿಜವಾಗಿ ಸಿಟ್ಟೇ ಬಂದಿತ್ತು.

"ಥೂ, ಅಂಚೆಯವನನ್ನ ಕಿತ್ತಾಕಿ ಏನು ಸಿನಿಮಾ ಮಾಡವ್ರೆ ಕಣಮ್ಮ ಇವ್ರು. ತಂಗಿ ಇಲ್ದೆ ಕೆಂಗಿಡುಗನಾ?"

ಹಾಗಲ್ಲ ಅಣ್ಣ, ಆ ಕನ್ನಡಿಯ ಮುಂದಿನದು ನೋಡಬೇಕು, ಅದು ನಮ್ಮ ಪುಸ್ತಕದಲ್ಲೂ ಇರಲಿಲ್ಲ ಎಂದೆ. ಇವರು ಬರೆದ ಅಚ್ಯುತನಿಗೆ ಮನೆಯಲ್ಲಿ ಯಾರೂ ಇಲ್ಲ, ಗಂಟು ಬಿಚ್ಚಲು ಒಬ್ಬರಿಲ್ಲ, ಅದಕ್ಕೇ ತಂಗಿಯನ್ನು ತೆಗೆದಿರಬೇಕು ಎಂದೆ. ಅವನು ಒಪ್ಪಲಿಲ್ಲ. ಸಹನ ನಮ್ಮಿಬ್ಬರ ಮುಖವನ್ನು ನೋಡುತ್ತ ಕೂತಿದ್ದಳು. ಎಷ್ಟೋ ದಿನದ ಮೇಲೆ ಇಬ್ಬರೂ ಚೆನ್ನಾಗಿ ಜಗಳವಾಡಿದೆವು.

ಅವಳು ಒಳಗೆ ಹೋದ ಮೇಲೆ ಡಾಕ್ಟರು ಹೇಳಿದ್ದನ್ನೂ ಹೇಳಿದೆ. ಕಿಡ್ನಿಯದು, ಹೃದಯದ್ದು, ಕೆಲವೇ ತಿಂಗಳು ಎಂದದ್ದು, ಅದರಲ್ಲಿ ಒಂದೂವರೆ ತಿಂಗಳು ಆಗಲೇ ಕಳೆದದ್ದು. ಮೊದಲು ಅತ್ತಿಗೆಯನ್ನು ಕೇಳಬೇಕಿತ್ತು. ಕೇಳಲಿಲ್ಲ.

ಅಣ್ಣ ಹೊದಿಕೆಯ ಅಂಚನ್ನು ಮಡಿಸಿ ಬಿಚ್ಚಿ ಮತ್ತೆ ಮಡಿಸಿದ.

"ಅಷ್ಟೇನಾ," ಎಂದ. ಆಮೇಲೆ, "ರಾಧಂಗೆ ನಾನೇ ಏಳ್ತೀನಿ, ನಂಗೆ ಗೊತ್ತು ಅಂತ. ಪಾಪ, ಒಬ್ಬಳೇ ಒತ್ಕೊಂಡವ್ಳೆ." ಆಮೇಲೆ, "ಮುಂದಿನ ಭಾನುವಾರ ನನ್ನೂ ಟಾಕೀಸಿಗೆ ಕರ್ಕೊಂಡು ಓಗು."

ಸೆಪ್ಟೆಂಬರ್ 8, ಭಾನುವಾರ

ನಿನ್ನೆ ಗಣೇಶನ ಹಬ್ಬ. ದಾರಿಯುದ್ದಕ್ಕೂ ಪೆಂಡಾಲು, ಆಟೋ ಸುತ್ತಿ ಬಳಸಿ ಹೋಗಬೇಕಾಯಿತು. ಅತ್ತಿಗೆ ಬರಲಿಲ್ಲ. ನಾನು ಹೇಳಿಬಿಟ್ಟದ್ದು ತಿಳಿದಾಗಿನಿಂದ ನನ್ನ ಜೊತೆ ಮಾತು ಕಡಿಮೆ. ಆದರೆ ಅಣ್ಣನಿಗೆ ಪಂಚೆ ಉಡಿಸಿ, ತಲೆ ಬಾಚಿ, ಹಿಂದಕ್ಕೆ ಒರಗಲು ಒಂದು ದಿಂಬನ್ನೂ ಕೊಟ್ಟು ಕಳಿಸಿದರು. ನಿಂತುಕೊಂಡೇ ಇದ್ದರು, ಆಟೋ ತಿರುಗುವವರೆಗೂ.

ಕನ್ನಡದ ಕೊನೆಯ ವಾರ. ಅಣ್ಣನನ್ನು ನಡುವೆ ಕೂರಿಸಿ ಎಡಕ್ಕೆ ನಾನು, ಬಲಕ್ಕೆ ಸಹನ. ಮಾತೆಲ್ಲ ಅವನಿಗೆ ಕೇಳುತ್ತದೆ, ನಾನು ಮಾತಿಲ್ಲದ ಜಾಗಗಳನ್ನಷ್ಟೇ ಹೇಳುವುದು ಎಂದು ಗೊತ್ತುಮಾಡಿಕೊಂಡಿದ್ದೆವು. ಈಗ ಮಳೆ. ಈಗ ಮೇಲಿಂದ ಊರು ಕಾಣುತ್ತಿದೆ, ಬೆಂಕಿಪೆಟ್ಟಿಗೆ ಜೋಡಿಸಿಟ್ಟ ಹಾಗೆ. ಈಗ ಅವನು ಹಾರಲಿಲ್ಲ, ಹಾರುವ ಮುಂಚೆ ಒಮ್ಮೆ ಹಿಂದಕ್ಕೆ ನೋಡಿದ.

ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಎರಡು ಸಲ ತಿರುಗಿ ನೋಡಿದಳು. ಮೂರನೇ ಸಲ ಪೂರ್ತಿ ತಿರುಗಿದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಅಣ್ಣನ ಕಣ್ಣು ನೋಡಿದಳು. ಇಂಟರ್ವಲ್ಲಿನಲ್ಲಿ ಹತ್ತಿರ ಬಂದು, "ಅಕ್ಕಾ, ನಮ್ಮತ್ತೆಗೂ ಸರಿಯಾಗಿ ಕಾಣಲ್ಲ. ಸ್ವಲ್ಪ ಜೋರಾಗೇ ಏಳಿ," ಎಂದು ಮುದುಕಿಯೊಬ್ಬರನ್ನು ಕರೆತಂದು ನಮ್ಮ ಮುಂದಿನ ಸೀಟಿನಲ್ಲಿ ಕೂರಿಸಿದಳು. ದ್ವಿತೀಯಾರ್ಧವನ್ನು ಇಬ್ಬರಿಗೆ ಹೇಳಿದೆ. ಗಂಟಲು ಕಟ್ಟಿಹೋಗಿದೆ.

ಮನೆಗೆ ಬಂದಾಗ ಅಣ್ಣನಿಗೆ ಮಾತಾಡುವ ಶಕ್ತಿಯಿರಲಿಲ್ಲ. ಮಲಗಿಸಿ, ಹೊದಿಸಿ, ಹೇಗಿತ್ತು ಎಂದೆ.

"ಮುಖ ತೊಳೆಯೋದು ಚೆನ್ನಾಗೈತೆ," ಎಂದ. "ಮಿಕ್ಕಿದ್ದು ಬರೀ ಗಲಾಟೆ."

ಸೆಪ್ಟೆಂಬರ್ 20, ಶುಕ್ರವಾರ

ನಿನ್ನೆ ಬೆಳಿಗ್ಗೆ ಹತ್ತೂಕಾಲಿಗೆ, ಕೋಲಾರದಲ್ಲಿ, ಡಯಾಲಿಸಿಸ್ ಅರ್ಧ ಆಗಿರುವಾಗ. ಅತ್ತಿಗೆ ಪಕ್ಕದಲ್ಲಿದ್ದರು. ನಾನು ಫ್ಯಾಕ್ಟರಿಯಲ್ಲಿದ್ದೆ.

ಸೆಪ್ಟೆಂಬರ್ 24, ಮಂಗಳವಾರ

ಸೊಸೈಟಿಯವರು ಬಂದಿದ್ದರು. ಹಾಲು ಹಾಕುವ ಹೆಂಗಸರು ತುಂಬ ಜನ. ಮುನೀಂದ್ರಣ್ಣ ಯಾವತ್ತೂ ಅಳತೆಯಲ್ಲಿ ಮೋಸ ಮಾಡಿದವರಲ್ಲ ಎಂದು ಒಬ್ಬಾಕೆ ಅತ್ತರು. ಎಷ್ಟೋ ದಿನದ ಮೇಲೆ ಅವನ ಹೆಸರನ್ನು ಬೇರೆಯವರ ಬಾಯಲ್ಲಿ ಕೇಳಿದೆ. ಮನೆಯಲ್ಲಿ ನಾವು ಯಾರೂ ಅವನನ್ನು ಹೆಸರು ಹಿಡಿದು ಕರೆದವರಲ್ಲ.

ಅಕ್ಟೋಬರ್ 3, ಗುರುವಾರ

ಕೆಲಸಕ್ಕೆ ಹೋಗತೊಡಗಿದ್ದೇನೆ. ಊಟದ ಬಿಡುವಿನಲ್ಲಿ ಸಿನಿಮಾದ ಮಾತು ಬಂತು. ಶಿವಪ್ರಸಾದ್ ನನಗೆ ಖುಷಿಯಾಗಲೆಂದು ಇರಬೇಕು, ಎಂಥ ದರಿದ್ರ ಸಿನಿಮಾ, ನಿಮ್ಮ ಪುಸ್ತಕವನ್ನು ಹಾಳುಮಾಡಿಬಿಟ್ಟರು ಎಂದ. ಪೂರ್ತಿ ನೋಡಿದ್ದೀರಾ ಎಂದು ಕೇಳಿದೆ. ಅರ್ಧಕ್ಕೇ ಎದ್ದು ಬಂದಿದ್ದನಂತೆ. ಹಾಗಾದರೆ ಮಾತಾಡಬೇಡಿ ಎಂದೆ. ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆನೇನೋ, ಎಲ್ಲರೂ ಡಬ್ಬಿ ಮುಚ್ಚಿ ಎದ್ದರು. ಪಾಪ, ಅವನಿಗೆ ನಾಳೆ ಒಂದು ಮಾತು ಹೇಳಬೇಕು.

ಅಕ್ಟೋಬರ್ 6, ಭಾನುವಾರ

ಬಂಗಾರಪೇಟೆಗೆ ಹೋಗಿದ್ದೆ. ಬೇರೆ ಭಾನುವಾರಗಳ ಹಾಗೆಯೇ ಅದೇ ರೈಲಿಗೆ.

ಸಹನ ಪರೀಕ್ಷೆಗೆ ಓದುತ್ತಿದ್ದಳು. ನಾನು ಅತ್ತಿಗೆಯ ಜೊತೆ ಅಡುಗೆಮನೆಯಲ್ಲಿ ಕೂತು ಅಲಸಂದೆಕಾಯಿ ಬಿಡಿಸುತ್ತಿದ್ದೆ. ಅತ್ತಿಗೆ ಮೊದಲಿನಿಂದಲೂ ಹೆಚ್ಚು ಮಾತಿನವರಲ್ಲ. ಕೆಂಗಿಡುಗನ ವಿಷಯವಂತೂ ಮದುವೆಯಾಗಿ ಬಂದ ಇಪ್ಪತ್ನಾಲ್ಕು ವರ್ಷದಲ್ಲಿ ಒಂದು ಸಲವೂ ಕೇಳಿದವರಲ್ಲ. ಅದು ಅಣ್ಣ ತಂಗಿಯ ವಿಷಯ ಎಂದು ದೂರವೇ ಇಟ್ಟಿದ್ದರು. ಅವರನ್ನು ಕೇಳದೆ ಅಣ್ಣನಿಗೆ ಎಲ್ಲ ಹೇಳಿಬಿಟ್ಟದ್ದಕ್ಕೆ ಕ್ಷಮೆ ಕೇಳಬೇಕೆಂದು ಹೋಗಿದ್ದೆ. ಹೇಗೆ ಶುರು ಮಾಡುವುದೋ ತಿಳಿಯದೆ ಸುಮ್ಮನೆ ಬಿಡಿಸುತ್ತ ಇದ್ದೆ.

ಅವರೇ ಶುರು ಮಾಡಿದರು.

"ಆವತ್ತು ಟಾಕೀಸಲ್ಲಿ ಅವ್ರು ಎಂಗಿದ್ರು? ನಗ್ತಾ ಇದ್ರಾ? ನಾನು ಬರ್ಲಿಲ್ಲ. ಬರಬೇಕಾಗಿತ್ತು."

ಹೇಳಲು ಬಾಯಿ ತೆರೆದೆ. ಏನೂ ಸಿಗಲಿಲ್ಲ. ಎರಡೂವರೆ ಗಂಟೆ ನಾನು ಪರದೆಯನ್ನೇ ನೋಡುತ್ತಿದ್ದೆ. ಒಂದು ದೃಶ್ಯ ತಪ್ಪಿಹೋಗಬಾರದೆಂದು ರೆಪ್ಪೆ ಮುಚ್ಚದೆ ನೋಡಿದೆ. ಪಕ್ಕದಲ್ಲಿದ್ದ ಅಣ್ಣನ ಮುಖವನ್ನು ಒಂದು ಸಲವೂ ತಿರುಗಿ ನೋಡಿಲ್ಲ.

ನಗುತ್ತಿದ್ದರು ಎಂದುಬಿಡಬಹುದಿತ್ತು. ಅತ್ತಿಗೆ ಅಷ್ಟನ್ನೇ ಕೇಳುತ್ತಿದ್ದರು.

"ನಾನು ನೋಡ್ಲಿಲ್ಲ ಅತ್ತಿಗೆ," ಎಂದೆ. "ಸಿನಿಮಾ ನೋಡ್ತಿದ್ದೆ. ಮುಖ ನೋಡ್ಲಿಲ್ಲ."

ಅತ್ತಿಗೆಯ ಬೆರಳು ನಿಂತವು. ಅವರು ಅಳಲಿಲ್ಲ. ನಾನು ಹೇಳಬಹುದಾದದ್ದು ಒಂದೇ ಉಳಿದಿತ್ತು, ಅದನ್ನು ಹೇಳಿದೆ. ಅಣ್ಣ ನನ್ನ ಮೊಣಕೈಯ ಮೇಲೆ ಕೈಯಿಟ್ಟುಕೊಂಡಿದ್ದ. ಮೊದಲು ತಣ್ಣಗಿತ್ತು, ಆಮೇಲೆ ಬಿಸಿಯಾಯಿತು. ಕಟ್ಟಡ ಬೀಳುವಾಗೆಲ್ಲ ಬಿಗಿಯಾಗುತ್ತಿತ್ತು. ಹಾಡಿನಲ್ಲಿ ಪೂರ್ತಿ ಸಡಿಲವಾಯಿತು, ನಾಲ್ಕೈದು ನಿಮಿಷ ನಿದ್ದೆ ಹೋಗಿರಬೇಕು, ನಾನು ಎಬ್ಬಿಸಲಿಲ್ಲ. ಮುಸುಕಿನ ಗಂಟು ಬಿಚ್ಚಲಾಗದ ಜಾಗದಲ್ಲಿ ನಾನು ಹೇಳುವುದಕ್ಕೆ ಮುಂಚೆಯೇ ಅವನ ಹೆಬ್ಬೆರಳು ನನ್ನ ತೋಳಿನ ಮೇಲೆ ಅತ್ತಿಂದಿತ್ತ ಆಡತೊಡಗಿತು. ಮುಗಿಯುವವರೆಗೂ ಆಡುತ್ತಲೇ ಇತ್ತು.

ಅತ್ತಿಗೆ ಅಲಸಂದೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿದರು. ತಮ್ಮ ಎಡಗೈಯನ್ನು ನನ್ನ ಮುಂದೆ ಚಾಚಿದರು.

"ಎಂಗೆ ಅಂತ ತೋರ್ಸು," ಎಂದರು.

ತೋರಿಸಿದೆ.